ಭದ್ರಾವತಿಯ ಕುಲುಮೆಗಳು

ಕುಲುಮೆ ಎಂದೊಡನೆ ನನ್ನ ವಯಸ್ಸಿನವರ ಕಣ್ಣಮುಂದೆ ಬರುವುದು ಊರ ಕಮ್ಮಾರನ ಕುಲುಮೆ. ತಿದಿ, ಇದ್ದಿಲು, ಅಡಿಗಲ್ಲು, ಕೆಂಪಗೆ ಕಾದ ನೇಗಿಲಿನ ಗುಳ ಇವಿಷ್ಟೇ ಅಲ್ಲಿನ ಸಂಪತ್ತು. ಆದರೆ ಈಗ ಒಂದು ಎರಕದ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿ ಮಾಡಿ, "ಸಾರ್, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಕುಲುಮೆಗಳಲ್ಲಿ ಎಷ್ಟು ಬಗೆ, ಯಾವುದು ಯಾತಕ್ಕೆ ಎಂದು ಹೇಳಿಕೊಡಬೇಕು. ಪುಸ್ತಕದಲ್ಲಿರುವ ಪಟ್ಟಿ ಓದಿದರೆ ಅವರಿಗೆ ತಲೆಗೆ ಹತ್ತುವುದಿಲ್ಲ. ನೀವು ತರಗತಿಯಲ್ಲಿ ಹೇಳುತ್ತಿದ್ದ ಹಾಗೆ ಬರೆದುಕೊಡಿ" ಎಂದು ಕೇಳಿದ. ಈ ಬರಹಕ್ಕೆ ಅದೇ ಪ್ರೇರಣೆ.

ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ಎಂದೂ ನಂಬಿಕೆಯಿರಲಿಲ್ಲ. ಕುಲುಮೆಗಳನ್ನು ಅರಿಯಬೇಕಾದರೆ ಒಂದು ಊರನ್ನು ಹಿಡಿದು, ಅಲ್ಲಿ ಯಾವ ಕುಲುಮೆ ಯಾವಾಗ, ಏಕೆ ಬಂತು ಎಂದು ನೋಡುವುದೇ ಸುಲಭವಾದ ದಾರಿ. ಅಂತಹ ಊರು ನಮ್ಮ ಸಮೀಪದಲ್ಲೇ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನೂರು ವರ್ಷಗಳಲ್ಲಿ ಕುಲುಮೆಯ ಬಹುಪಾಲು ಬಗೆಗಳು ಒಂದಾದ ಮೇಲೊಂದರಂತೆ ಬಂದುಹೋಗಿವೆ. ಅವುಗಳ ಹಿಂದೆ ಒಂದು ಸೂತ್ರವಿದೆ: ಕುಲುಮೆಯ ಆಕಾರವನ್ನು ನಿರ್ಧರಿಸುವುದು ಅದಿರಲ್ಲ, ಉರುವಲು. ಏನನ್ನು ಸುಡಬಲ್ಲೆವೋ ಅದಕ್ಕೆ ತಕ್ಕಂತೆ ಕುಲುಮೆ ಕಟ್ಟುತ್ತೇವೆ. ಉರುವಲು ಬದಲಾದರೆ ಕುಲುಮೆಯೂ ಬದಲಾಗಬೇಕು. ಬದಲಾಗದಿದ್ದರೆ ಅದು ತಣ್ಣಗಾಗುತ್ತದೆ.

ಮೊದಲು ಕಾರ್ಖಾನೆಗೂ ಹಿಂದಿನ ಮಾತು. ಮೈಸೂರು ಸೀಮೆಯಲ್ಲಿ ಕಬ್ಬಿಣ ಕರಗಿಸುವ ವಿದ್ಯೆ ಬಹಳ ಹಳೆಯದು. ಟಿಪ್ಪು ಸುಲ್ತಾನನ ಪತನದ ಬಳಿಕ 1800–01ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಹಲವು ಕಡೆ ಮಣ್ಣಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಎತ್ತರ ಕಡಿಮೆಯಿರುವ ಮಣ್ಣಿನ ಗೂಡು, ಕೆಳಗೆ ತಿದಿ, ಮೇಲಿನಿಂದ ಇದ್ದಿಲು ಮತ್ತು ಅದಿರಿನ ಮರಳು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಕೈತಿದಿಯ ಗಾಳಿಗೆ ಅಷ್ಟು ಶಾಖ ಹುಟ್ಟುವುದಿಲ್ಲ. ಆದ್ದರಿಂದ ಕಬ್ಬಿಣ ಕರಗಿ ಹರಿಯದೆ, ಕಿಟ್ಟದೊಡನೆ ಬೆರೆತ ಮುದ್ದೆಯಾಗಿ ಕೆಳಗೆ ಕೂರುತ್ತಿತ್ತು. ಅದನ್ನು ಹೊರಗೆಳೆದು, ಸುತ್ತಿಗೆಯಿಂದ ಬಡಿದು ಕಿಟ್ಟವನ್ನು ಹಿಂಡಿ ತೆಗೆದರೆ ಮೆದು ಕಬ್ಬಿಣ ದೊರೆಯುತ್ತಿತ್ತು.

ಅದೇ ಮೆದು ಕಬ್ಬಿಣವನ್ನು ಉಕ್ಕು ಮಾಡಲು ಇನ್ನೊಂದು ಕುಲುಮೆ ಬೇಕಾಗುತ್ತಿತ್ತು. ಅದು ಮೂಸೆಯ ಕುಲುಮೆ. ಜೇಡಿಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಡ್ಡಿ, ಕೆಲವು ಹಸಿರೆಲೆಗಳು. ಬಾಯನ್ನು ಮಣ್ಣಿನಿಂದ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸಿದರೆ ಕಡ್ಡಿ ಎಲೆಗಳ ಇಂಗಾಲ ಕಬ್ಬಿಣವನ್ನು ಸೇರುತ್ತದೆ. ಇಂಗಾಲ ಸೇರಿದಂತೆ ಕರಗುವ ಉಷ್ಣತೆಯೂ ಇಳಿಯುತ್ತದೆ. ಗಾಳಿ ಸೋಕದ ಮುಚ್ಚಿದ ಪಾತ್ರೆಯಾದ್ದರಿಂದ ಉಕ್ಕು ಶುದ್ಧವಾಗಿ, ಒಂದೇ ಹದವಾಗಿ ಬರುತ್ತದೆ. ಯುರೋಪಿನ ವಿಜ್ಞಾನಿಗಳು ತಲೆಕೆಡಿಸಿಕೊಂಡ 'ವೂಟ್ಸ್' ಇದೇ. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮುಚ್ಚಿದ ಪಾತ್ರೆಯಲ್ಲಿಟ್ಟು ಕರಗಿಸುವ ಈ ಮೂಸೆಯ ಪದ್ಧತಿ ಇಂದಿಗೂ ಅಳಿದಿಲ್ಲ. ಹಿತ್ತಾಳೆ, ಕಂಚು, ಅಲ್ಯೂಮಿನಿಯಂ ಎರಕ ಹೊಯ್ಯುವ ಸಣ್ಣ ಅಂಗಡಿಗಳಲ್ಲಿ, ಅಕ್ಕಸಾಲಿಗರ ಮನೆಯಲ್ಲಿ ಅದನ್ನು ಈಗಲೂ ಕಾಣಬಹುದು.

ಇನ್ನು ಭದ್ರಾವತಿಗೆ ಬರೋಣ. ಆ ಊರಿನ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆಯ ಬೆಂಕಿಯಿಂದ ಬಂದ ಹೆಸರಲ್ಲ ಅದು; ಕಾರ್ಖಾನೆಗಿಂತ ಎಷ್ಟೋ ಮೊದಲಿನದು. ಬೆಂಕಿ ಬಂದ ಕಾಲದಲ್ಲಿ ಹೆಸರಿನಿಂದ ಬೆಂಕಿ ಹೋಯಿತೆಂದು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ರಾಜ್ಯದಲ್ಲಿ ಕಬ್ಬಿಣದ ಕಾರ್ಖಾನೆ ಆಗಲೇಬೇಕೆಂಬ ಹಟವಿತ್ತು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರಿತ್ತು. ಭದ್ರಾವತಿಯ ಸುತ್ತ ಸುಣ್ಣಕಲ್ಲಿತ್ತು, ಪಕ್ಕದಲ್ಲೇ ಭದ್ರಾ ನದಿಯ ನೀರಿತ್ತು. ಇಲ್ಲದಿದ್ದುದು ಕಲ್ಲಿದ್ದಲು ಮಾತ್ರ. ಜಮಷೇಡ್‌ಪುರದಲ್ಲಿ ಟಾಟಾ ಅವರ ಕುಲುಮೆಗೆ ಹತ್ತಿರದ ಝರಿಯಾ ಗಣಿಗಳಿಂದ ಕಲ್ಲಿದ್ದಲು ಬರುತ್ತಿತ್ತು. ಅಷ್ಟು ದೂರದಿಂದ ಅದನ್ನು ಮಲೆನಾಡಿಗೆ ತರಿಸಿದರೆ ಕಬ್ಬಿಣದ ಬೆಲೆ ಗಗನಕ್ಕೇರುತ್ತಿತ್ತು. ಆದರೆ ಮಲೆನಾಡಿನಲ್ಲಿ ಕಾಡಿತ್ತು. ಸೌದೆಯನ್ನು ಇದ್ದಿಲು ಮಾಡಿ, ಇದ್ದಿಲಿನಿಂದ ಕಬ್ಬಿಣ ಕರಗಿಸುವುದು ಎಂದು ತೀರ್ಮಾನವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1923ರ ಜನವರಿ 18ರಂದು ಕಾರ್ಖಾನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ತಂತಿದಾರಿಯ ತೊಟ್ಟಿಗಳಲ್ಲಿ ಕೆಳಗಿಳಿದು, ಅಲ್ಲಿಂದ ಕಿರುಗೇಜಿನ ರೈಲಿನಲ್ಲಿ ಭದ್ರಾವತಿ ಸೇರುತ್ತಿತ್ತು. ಕಾಡಿನೊಳಗಿನಿಂದ ಸೌದೆ ತರಲು ಟ್ರಾಮ್ ಹಳಿಗಳನ್ನು ಹಾಕಲಾಯಿತು.

ಊದುಕುಲುಮೆ ಹೇಗೆ ಕೆಲಸ ಮಾಡುತ್ತದೆ? (ನಿಮ್ಮ ಪಠ್ಯಪುಸ್ತಕದ 'ಮಾರುತ ಕುಲುಮೆ' ಇದೇ.) ಇದೊಂದು ಎತ್ತರವಾದ ಗೋಪುರ. ಒಳಮೈಗೆ ಶಾಖ ತಡೆಯುವ ಇಟ್ಟಿಗೆಯ ಹೊದಿಕೆ. ಮೇಲಿನ ಬಾಯಿಂದ ಅದಿರು, ಇದ್ದಿಲು, ಸುಣ್ಣಕಲ್ಲನ್ನು ಪದರ ಪದರವಾಗಿ ಸುರಿಯುತ್ತಾರೆ. ಕೆಳಗಿನ ನಳಿಕೆಗಳಿಂದ, ಮೊದಲೇ ಕಾಯಿಸಿದ ಗಾಳಿಯನ್ನು ಒತ್ತಡದಿಂದ ಊದುತ್ತಾರೆ. ನಳಿಕೆಯ ಬಾಯಲ್ಲಿ ಇದ್ದಿಲು ಉರಿದು ಅಲ್ಲಿ ಸುಮಾರು 2000 ಡಿಗ್ರಿಯಷ್ಟು ಶಾಖ ಹುಟ್ಟುತ್ತದೆ. ಅಲ್ಲಿ ಹುಟ್ಟಿದ ಇಂಗಾಲದ ಮಾನಾಕ್ಸೈಡ್ ಅನಿಲ ಮೇಲೇರುತ್ತ, ಇಳಿದುಬರುವ ಅದಿರಿನ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಸುಣ್ಣಕಲ್ಲು ಅದಿರಿನ ಕಲ್ಮಷವನ್ನು ಸೇರಿಸಿಕೊಂಡು ಕಿಟ್ಟವಾಗಿ ಕರಗುತ್ತದೆ. ತಳದಲ್ಲಿ ಭಾರವಾದ ಕಬ್ಬಿಣ, ಅದರ ಮೇಲೆ ಹಗುರವಾದ ಕಿಟ್ಟ. ಎರಡನ್ನೂ ಹೊರಗೆ ಹರಿಯಬಿಡುತ್ತಾರೆ. ಹೀಗೆ ದೊರೆಯುವುದೇ ಬೀಡು ಕಬ್ಬಿಣ. ಅದರಲ್ಲಿ ಶೇಕಡ 4ರಷ್ಟು ಇಂಗಾಲವಿರುವುದರಿಂದ ಬಡಿದರೆ ಒಡೆಯುತ್ತದೆ, ಆದರೆ ಸುಲಭವಾಗಿ ಅಚ್ಚಿನಲ್ಲಿ ಹರಿಯುತ್ತದೆ.

ಈ ಗೋಪುರದಲ್ಲಿ ಉರುವಲಿಗೆ ಒಂದಲ್ಲ, ಮೂರು ಕೆಲಸ. ಶಾಖ ಕೊಡಬೇಕು, ಅದಿರಿನ ಆಮ್ಲಜನಕವನ್ನು ತೆಗೆಯಬೇಕು, ಮೇಲಿನ ಇಡೀ ರಾಶಿಯನ್ನು ಹೊತ್ತು ನಿಂತು ನಡುವೆ ಗಾಳಿ ಓಡಾಡಲು ಸಂದು ಬಿಡಬೇಕು. ಮೊದಲೆರಡು ಕೆಲಸದಲ್ಲಿ ಇದ್ದಿಲು ಕಲ್ಲಿದ್ದಲಿನ ಕೋಕ್‌ಗಿಂತ ಮೇಲು, ಏಕೆಂದರೆ ಅದರಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಭದ್ರಾವತಿಯ ಕಬ್ಬಿಣ ಶುದ್ಧವೆಂದು ಹೆಸರು ಪಡೆದುದು ಇದರಿಂದಲೇ. ಆದರೆ ಮೂರನೆಯ ಕೆಲಸದಲ್ಲಿ ಇದ್ದಿಲು ಸೋಲುತ್ತದೆ. ಅದು ಮೆದು; ಹೆಚ್ಚು ಭಾರ ಬಿದ್ದರೆ ಪುಡಿಯಾಗಿ ಗಾಳಿಯ ದಾರಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಇದ್ದಿಲಿನ ಕುಲುಮೆಯನ್ನು ಕೋಕ್ ಕುಲುಮೆಯಷ್ಟು ಎತ್ತರಕ್ಕೆ ಕಟ್ಟುವಂತಿಲ್ಲ. ಸಣ್ಣದಾಗಿಯೇ ಇರಬೇಕೆಂಬ ವಿಧಿ ಭದ್ರಾವತಿಯ ಮೊದಲ ಕುಲುಮೆಗೆ ಹುಟ್ಟುವಾಗಲೇ ಬರೆದಿತ್ತು.

ಇದ್ದಿಲಿನ ಖರ್ಚನ್ನು ತುಂಬಿಕೊಳ್ಳಲು ಯೋಜಕರು ಒಂದು ಜಾಣ ಉಪಾಯ ಹೂಡಿದ್ದರು. ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕೈದು ಟನ್ ಸೌದೆ ಬೇಕು. ಕಾಡಿನ ಗೂಡುಗಳಲ್ಲಿ ಸುಟ್ಟರೆ ಉಳಿದುದೆಲ್ಲ ಹೊಗೆಯಾಗಿ ಹೋಗುತ್ತದೆ. ಅದರ ಬದಲು ಗಾಳಿಯಾಡದ ಕಬ್ಬಿಣದ ಕೋಣೆಗಳಲ್ಲಿ ಸೌದೆಯನ್ನು ಕಾಯಿಸಿ, ಹೊಗೆಯನ್ನು ತಣಿಸಿದರೆ ಮರದ ಮದ್ಯಸಾರವೆನಿಸಿದ ಮೆಥನಾಲ್, ಅಸಿಟೇಟ್, ಡಾಂಬರಿನಂತಹ ಎಣ್ಣೆ ಸಿಗುತ್ತವೆ. ಅವನ್ನು ಮಾರಿದರೆ ಇದ್ದಿಲು ಅಗ್ಗವಾಗುತ್ತದೆ. ಕಾರ್ಖಾನೆಯ ಮೊದಲ ಹೆಸರಿನಲ್ಲೇ 'ವುಡ್ ಡಿಸ್ಟಿಲೇಷನ್' ಎಂಬ ಮಾತು ಸೇರಿತ್ತು. ಆದರೆ ಕಾರ್ಖಾನೆ ಆರಂಭವಾದ ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆ ಅನಿಲಗಳಿಂದಲೇ ಮೆಥನಾಲ್ ತಯಾರಿಸುವ ವಿಧಾನವನ್ನು ಕಾರ್ಖಾನೆಯ ಮಟ್ಟಕ್ಕೆ ತಂದಿತು. ಮರದಿಂದ ತೆಗೆದ ಮದ್ಯಸಾರಕ್ಕೆ ಜಗತ್ತಿನ ಪೇಟೆಯಲ್ಲಿ ಬೆಲೆ ಉಳಿಯಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆಯೂ ಅಷ್ಟರಲ್ಲಿ ಇಳಿದಿತ್ತು. ಲೆಕ್ಕ ಹಾಕಿದಾಗ ಸರಿಯಾಗಿದ್ದುದು ಕಟ್ಟಿ ಮುಗಿಸುವಷ್ಟರಲ್ಲಿ ತಪ್ಪಾಗಿತ್ತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ಉಳಿಸಲು ಹೆಣಗಬೇಕಾದುದು ಇಂತಹ ಪರಿಸ್ಥಿತಿಯಲ್ಲಿ.

ಉಳಿದ ದಾರಿ ಒಂದೇ. ಬೀಡು ಕಬ್ಬಿಣವನ್ನು ಹಾಗೆಯೇ ಮಾರುವುದಕ್ಕಿಂತ, ಅದರಿಂದ ಬೇರೆ ವಸ್ತು ಮಾಡಿ ಮಾರಬೇಕು. ಮೊದಲು ಬಂದುದು ಕೊಳವೆಗಳ ಎರಕ. ಎರಕದ ಮನೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಕ್ಯುಪೋಲ ಎಂಬ ಕುಲುಮೆ. ನೋಡಲು ಊದುಕುಲುಮೆಯ ತಮ್ಮನಂತೆ ಇರುತ್ತದೆ. ಆದರೆ ಅದಿರನ್ನು ಕಬ್ಬಿಣ ಮಾಡುವುದು ಅದರ ಕೆಲಸವಲ್ಲ. ಈಗಾಗಲೇ ಆದ ಬೀಡು ಕಬ್ಬಿಣವನ್ನೂ ಗುಜರಿಯನ್ನೂ ಮತ್ತೆ ಕರಗಿಸಿ ಎರಕಕ್ಕೆ ಸಿದ್ಧಪಡಿಸುವುದಷ್ಟೇ. ಚರಂಡಿಯ ಮುಚ್ಚಳ, ಹಿಟ್ಟಿನ ಗಿರಣಿಯ ಚಕ್ರ, ಪಂಪಿನ ಹೊರಕವಚ ಇವೆಲ್ಲ ಅದರ ಸಂತಾನ.

1936ರಲ್ಲಿ ಭದ್ರಾವತಿಯಲ್ಲಿ ಉಕ್ಕಿನ ತಯಾರಿಕೆ ಆರಂಭವಾಯಿತು. ಬೀಡು ಕಬ್ಬಿಣ ಉಕ್ಕಾಗಬೇಕಾದರೆ ಅದರ ಹೆಚ್ಚುವರಿ ಇಂಗಾಲವನ್ನು ಸುಟ್ಟು ತೆಗೆಯಬೇಕು. ಅದಕ್ಕೆ ಆಗಿನ ಸಾಧನ ಓಪನ್ ಹಾರ್ತ್ ಕುಲುಮೆ. ಅಗಲವಾದ, ಆಳವಿಲ್ಲದ ಕೊಳದಂತಹ ಒಲೆ. ಅದರ ಮೇಲೆ ಉರಿ ಹಾಯುತ್ತದೆ. ಉರಿಯೊಡನೆ ಹೊರಹೋಗುವ ಶಾಖವನ್ನು ಪಕ್ಕದ ಇಟ್ಟಿಗೆಯ ಕೋಣೆಗಳಲ್ಲಿ ಹಿಡಿದಿಟ್ಟು, ಗಾಳಿಯ ದಿಕ್ಕು ತಿರುಗಿಸಿ, ಬರುವ ಗಾಳಿಯನ್ನು ಅದರಿಂದಲೇ ಕಾಯಿಸುವುದು ಇದರ ಮರ್ಮ. ಯುರೋಪಿನಲ್ಲಿ ಸೀಮೆನ್ಸ್ ಸಹೋದರರೂ ಫ್ರಾನ್ಸಿನ ಮಾರ್ಟಿನ್ ಅವರೂ 1860ರ ದಶಕದಲ್ಲಿ ಇದನ್ನು ರೂಪಿಸಿದರು. ಒಂದು ಪಾಳಿಯ ಉಕ್ಕು ಹದಕ್ಕೆ ಬರಲು ಎಂಟರಿಂದ ಹನ್ನೆರಡು ಗಂಟೆ ಹಿಡಿಯುತ್ತಿತ್ತು. ನಿಧಾನವಾದರೂ, ನಡುನಡುವೆ ಮಾದರಿ ತೆಗೆದು ನೋಡಿ ಹದ ತಿದ್ದಲು ಅವಕಾಶವಿತ್ತು. 1930ರ ದಶಕ ಮುಗಿಯುವ ಹೊತ್ತಿಗೆ ಸಿಮೆಂಟ್ ಘಟಕವೂ ಬಂತು. ಸಿಮೆಂಟಿನ ತಿರುಗುಗೂಡು ಇನ್ನೊಂದು ಬಗೆಯ ಕುಲುಮೆ: ಸ್ವಲ್ಪ ವಾಲಿಸಿದ ಉದ್ದನೆಯ ಉರುಳೆ ನಿಧಾನವಾಗಿ ತಿರುಗುತ್ತದೆ. ಸುಣ್ಣಕಲ್ಲು, ಜೇಡಿಗಳ ಮಿಶ್ರಣ ಒಂದು ತುದಿಯಿಂದ ಉರುಳಿ ಬಂದು, ಇನ್ನೊಂದು ತುದಿಯ ಸುಮಾರು 1450 ಡಿಗ್ರಿಯ ಉರಿಯಲ್ಲಿ ಗಟ್ಟಿ ಗುಳಿಗೆಗಳಾಗುತ್ತದೆ.

ಇಷ್ಟರಲ್ಲಿ ಕಾಡು ದೂರ ಸರಿಯುತ್ತಿತ್ತು. ಮರ ಕಡಿದ ಜಾಗದಲ್ಲಿ ಮರ ಬೆಳೆದು, ಸರದಿ ತಿರುಗಿ ಬರುವಷ್ಟರಲ್ಲಿ ಮತ್ತೆ ಸೌದೆ ಸಿಗುವುದೆಂಬುದು ಇದ್ದಿಲಿನ ಯೋಜನೆಯ ಆಧಾರ. ಆದರೆ ಮಲೆನಾಡಿನ ಮರ ಕುಲುಮೆಯ ಹಸಿವಿನ ವೇಗಕ್ಕೆ ಬೆಳೆಯುವುದಿಲ್ಲ. ಸೌದೆ ದೂರದಿಂದ ಬಂದಷ್ಟೂ ಇದ್ದಿಲು ತುಟ್ಟಿಯಾಯಿತು. ಕಾರ್ಖಾನೆಯನ್ನು ಹೊಗಳುವ ಬರಹಗಳಲ್ಲಿ ಈ ಮಾತು ಬರುವುದು ಅಪರೂಪ. ಆದರೆ ಆ ಉಕ್ಕಿಗೆ ಮೊದಲ ಬೆಲೆ ತೆತ್ತುದು ಕಾಡು; ಇದನ್ನು ಹೇಳದೆ ಭದ್ರಾವತಿಯ ಚರಿತ್ರೆ ಪೂರ್ಣವಾಗುವುದಿಲ್ಲ.

ಆಗ ಒದಗಿ ಬಂದುದು ನೀರು. 1940ರ ದಶಕದ ಕೊನೆಯಲ್ಲಿ ಜೋಗದ ಜಲವಿದ್ಯುದಾಗಾರ ಕೆಲಸ ಆರಂಭಿಸಿತು. 1952ರಲ್ಲಿ ಭದ್ರಾವತಿಗೆ ನಾರ್ವೆಯ ಟಿಸ್ಲಾಂಡ್–ಹೋಲ್ ಮಾದರಿಯ ವಿದ್ಯುತ್ ಕುಲುಮೆಗಳು ಬಂದವು. ನಾರ್ವೆಯೂ ನಮ್ಮಂತೆಯೇ ಜಲಪಾತಗಳಿದ್ದು ಕಲ್ಲಿದ್ದಲಿಲ್ಲದ ನಾಡು. ಅಲ್ಲಿ ಹುಟ್ಟಿದ ಉಪಾಯ ನಮಗೆ ಹೊಂದಿದುದರಲ್ಲಿ ಆಶ್ಚರ್ಯವಿಲ್ಲ. ಇದರಲ್ಲಿ ಗೋಪುರವಿಲ್ಲ, ಊದುವ ಗಾಳಿಯಿಲ್ಲ. ತಗ್ಗಾದ ದುಂಡು ಕುಲುಮೆಯೊಳಗೆ ಅದಿರು ಇದ್ದಿಲುಗಳ ರಾಶಿಯಲ್ಲಿ ಹುದುಗಿರುವ ಇಂಗಾಲದ ದಪ್ಪ ಕಂಬಗಳ ಮೂಲಕ ವಿದ್ಯುತ್ ಹರಿದು ಶಾಖ ಕೊಡುತ್ತದೆ. ಶಾಖದ ಹೊಣೆ ವಿದ್ಯುತ್ತಿನದಾಯಿತು. ಭಾರ ಹೊರುವ ಹೊಣೆಯೇ ಬಹುಪಾಲು ಇಲ್ಲವಾಯಿತು. ಆಮ್ಲಜನಕವನ್ನು ತೆಗೆಯುವ ಕೆಲಸವೊಂದೇ ಇದ್ದಿಲಿಗೆ ಉಳಿಯಿತು. ಒಂದು ಟನ್ ಕಬ್ಬಿಣಕ್ಕೆ ಬೇಕಾದ ಇದ್ದಿಲು ಅರ್ಧದಷ್ಟಕ್ಕೆ ಇಳಿಯಿತು. ಪ್ರತಿಯಾಗಿ ಟನ್ನಿಗೆ 2000 ಯೂನಿಟ್ಟಿಗೂ ಮೀರಿದ ವಿದ್ಯುತ್ ಬೇಕಾಯಿತು. ಸೌದೆಯ ಋಣ ಕಡಿಮೆಯಾಗಿ ಮಳೆಯ ಋಣ ಹೆಚ್ಚಿತು. ಫೆರೋಸಿಲಿಕಾನ್‌ನಂತಹ ಮಿಶ್ರಲೋಹ ತಯಾರಿಸುವುದೂ ಇದೇ ಜಾತಿಯ ಕುಲುಮೆಯಲ್ಲಿ.

ಇದಕ್ಕೂ ವಿದ್ಯುತ್ ಚಾಪದ ಕುಲುಮೆಗೂ ವ್ಯತ್ಯಾಸ ತಿಳಿದಿರಬೇಕು. ಚಾಪದ ಕುಲುಮೆಯಲ್ಲಿ ಗ್ರಾಫೈಟ್ ಕಂಬಗಳಿಗೂ ಗುಜರಿ ಉಕ್ಕಿಗೂ ನಡುವೆ ಮಿಂಚಿನಂತೆ ವಿದ್ಯುತ್ ಜಿಗಿಯುತ್ತದೆ. ಅಲ್ಲಿ 3000 ಡಿಗ್ರಿಗೂ ಹೆಚ್ಚಿನ ಶಾಖ ಹುಟ್ಟುತ್ತದೆ. ಮುಖ್ಯವಾಗಿ ಗುಜರಿ ಕರಗಿಸಲು, ಕ್ರೋಮಿಯಂ ನಿಕಲ್‌ಗಳನ್ನು ಬೆರೆಸಿ ವಿಶೇಷ ಉಕ್ಕು ಮಾಡಲು ಅದರ ಬಳಕೆ. ಉರುವಲಿನ ಬೂದಿ ಹೊಗೆ ಇಲ್ಲದ್ದರಿಂದ ಉಕ್ಕಿನ ಹದವನ್ನು ಬೇಕಾದಂತೆ ಹಿಡಿಯಬಹುದು.

1960ರ ದಶಕದಲ್ಲಿ ಓಪನ್ ಹಾರ್ತ್‌ಗೆ ಪ್ರತಿಸ್ಪರ್ಧಿಯಾಗಿ ಎಲ್‌ಡಿ ಪರಿವರ್ತಕ ಬಂತು. ಆಸ್ಟ್ರಿಯಾದ ಲಿಂಟ್ಸ್, ಡೊನಾವಿಟ್ಸ್ ಊರುಗಳಲ್ಲಿ 1952–53ರಲ್ಲಿ ಆರಂಭವಾದ ವಿಧಾನವಿದು. ಭಾರತದಲ್ಲಿ ಮೊದಲು ರೂರ್ಕೆಲದಲ್ಲಿ, ಬಳಿಕ ಭದ್ರಾವತಿಯಲ್ಲಿ ಬಳಕೆಗೆ ಬಂತು. ಕರಗಿದ ಬೀಡು ಕಬ್ಬಿಣವಿರುವ ದೊಡ್ಡ ಗಡಿಗೆಯಂತಹ ಪಾತ್ರೆಗೆ ಮೇಲಿನಿಂದ ಶುದ್ಧ ಆಮ್ಲಜನಕವನ್ನು ರಭಸದಿಂದ ಊದುತ್ತಾರೆ. ಕಬ್ಬಿಣದೊಳಗಿನ ಇಂಗಾಲವೂ ಸಿಲಿಕಾನ್‌ವೂ ತಾವೇ ಉರಿದು ಶಾಖ ಕೊಡುತ್ತವೆ. ಹೊರಗಿನ ಉರುವಲೇ ಬೇಡ! ಹತ್ತು ಗಂಟೆಯ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿ ಆಮ್ಲಜನಕ ಊದುವುದು ಇಪ್ಪತ್ತು ನಿಮಿಷದಷ್ಟು ಹೊತ್ತು ಮಾತ್ರ.

ಉಕ್ಕು ಆದ ಮೇಲೂ ಕುಲುಮೆಯ ಕೆಲಸ ತೀರುವುದಿಲ್ಲ. ಗಟ್ಟಿಗಳನ್ನು ಸರಳಾಗಿ ಎಳೆಯುವ ಮುನ್ನ ಸುಮಾರು 1200 ಡಿಗ್ರಿಗೆ ಮತ್ತೆ ಕಾಯಿಸಲು ಮರುಕಾಯಿಸುವ ಕುಲುಮೆ ಬೇಕು. ಸರಳಿನ ಒಳಬಿಗಿತ ಸಡಿಲಿಸಿ ಮೆದುವಾಗಿಸಲು, ಅಥವಾ ಗಡಸು ಮಾಡಲು, ಹದ ಕಾಯಿಸುವ ಕುಲುಮೆ ಬೇಕು. ಇವುಗಳಲ್ಲಿ ಏನೂ ಕರಗುವುದಿಲ್ಲ. ಅಷ್ಟೇ ಶಾಖವನ್ನು ಅಷ್ಟೇ ಹೊತ್ತು ಹಿಡಿದಿಡುವುದೇ ಇಲ್ಲಿ ಕೌಶಲ. ಅನ್ನ ಬೇಯಿಸುವುದು ಬೇರೆ, ಹಾಲು ಹೆಪ್ಪಿಗೆ ಹದವಾಗಿ ಕಾಯಿಸುವುದು ಬೇರೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗೆ ಸೌದೆಯಿಂದ ವಿದ್ಯುತ್ತಿಗೆ, ವಿದ್ಯುತ್ತಿನಿಂದ ಆಮ್ಲಜನಕಕ್ಕೆ ಭದ್ರಾವತಿ ದಾಟುತ್ತ ಬಂತು. ಆದರೆ 1970, 80ರ ದಶಕಗಳಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ರಾಜ್ಯದಲ್ಲಿ ವಿದ್ಯುತ್ತಿನ ಅಭಾವ ಉಂಟಾದಾಗ ಈ ದಾರಿಯೂ ಕಿರಿದಾಯಿತು. 1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು. 1998ರಲ್ಲಿ ಅದರಲ್ಲಿ ವಿಲೀನವಾಯಿತು. ಕೋಕ್ ಉರಿಸುವ ಊದುಕುಲುಮೆ ಬಂತು. ಆದರೆ ಕೋಕ್ ದೂರದಿಂದ ಬರಬೇಕು. ಕಾಲಕ್ರಮದಲ್ಲಿ ಸ್ವಂತ ಗಣಿಯೂ ಇಲ್ಲವಾಗಿ, ಅದಿರನ್ನೂ ಪೇಟೆಯಲ್ಲಿ ಕೊಳ್ಳಬೇಕಾಯಿತು. ದಿನಕ್ಕೆ 10,000 ಟನ್ ಕಬ್ಬಿಣ ಕೊಡುವ ಕುಲುಮೆಗಳಿರುವ ಜಗತ್ತಿನಲ್ಲಿ ಸಣ್ಣ ಕುಲುಮೆ ಬಾಳುವುದು ಕಷ್ಟ. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದ ತಿಂಗಳಿನಲ್ಲೇ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಹೊರಗಿನಿಂದ ತಂದ ಉಕ್ಕಿನ ಗಟ್ಟಿಗಳಿಂದ ಸರಳು ಎಳೆಯುವ ಕೆಲಸ ಪುನಃ ಆರಂಭವಾಯಿತು. ಅಂದರೆ ಮರುಕಾಯಿಸುವ ಕುಲುಮೆಗೆ ಮತ್ತೆ ಬೆಂಕಿ ಬಿತ್ತು, ಊದುಕುಲುಮೆಗೆ ಬೀಳಲಿಲ್ಲ. ಈ ಎರಡರ ವ್ಯತ್ಯಾಸ ಈಗ ನಿಮಗೆ ತಿಳಿದಿರುವುದರಿಂದ, ಆ ಸುದ್ದಿಯಲ್ಲಿ ಎಷ್ಟು ಸಂತೋಷ, ಎಷ್ಟು ಕೊರತೆ ಎಂಬುದೂ ತಿಳಿಯುತ್ತದೆ. ಮಡಕೆಯಂತೆ ಒಲೆಯಿಂದಿಳಿಸಿ ನಾಳೆ ಮತ್ತೆ ಏರಿಸುವ ವಸ್ತುವಲ್ಲ ಊದುಕುಲುಮೆ. ಒಮ್ಮೆ ಹೊತ್ತಿದರೆ ವರ್ಷಗಟ್ಟಲೆ ಹಗಲಿರುಳೂ ಉರಿಯಬೇಕು. ತಣಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ.

ಕಲ್ಲಿದ್ದಲಿಲ್ಲದ ಕಡೆ ಕಬ್ಬಿಣದ ಕಾರ್ಖಾನೆ ಕಟ್ಟಿದ್ದೇ ತಪ್ಪೆಂದು ಕೆಲವರು ಹೇಳುತ್ತಾರೆ. ಅದು ಎಂದೆಂದಿಗೂ ನಡೆಯಬೇಕಿತ್ತೆಂದು ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ. ಆ ಕಾಲದ ಉರುವಲಿಗೆ ಆ ಕುಲುಮೆ ತಕ್ಕುದಾಗಿತ್ತು. ಉರುವಲು ಸೋತಾಗ ಕುಲುಮೆ ಬದಲಿಸುವ ಧೈರ್ಯವೂ ಬಂಡವಾಳವೂ 1936ರಲ್ಲಿ, 1952ರಲ್ಲಿ, 1960ರ ದಶಕದಲ್ಲಿ ಇದ್ದವು. ಆ ಮೇಲೆ ಅದೇ ಪ್ರಮಾಣದಲ್ಲಿ ಒದಗಲಿಲ್ಲ. ಸಾವಿರಾರು ಕುಟುಂಬಗಳ ಅನ್ನ ಒಂದು ಕುಲುಮೆಯ ಮೇಲೆ ನಿಂತಿರುವಾಗ, ಮುಂದಿನ ಉರುವಲು ಯಾವುದೆಂದು ಮೊದಲೇ ಯೋಚಿಸಬೇಕಾದುದು ಆಳುವವರ ಕರ್ತವ್ಯ.

ಆ ಯೋಚನೆ ಇಂದು ಇಡೀ ಜಗತ್ತಿನ ಮುಂದಿದೆ. ಕೋಕ್‌ನ ಹೊಗೆ ಭೂಮಿಯನ್ನು ಕಾಯಿಸುತ್ತಿದೆಯೆಂದು ತಿಳಿದ ಮೇಲೆ ಸ್ವೀಡನ್ನಿನಲ್ಲಿ ಜಲಜನಕದಿಂದ ಅದಿರಿನ ಆಮ್ಲಜನಕ ತೆಗೆಯುವ ಪ್ರಯೋಗ ನಡೆದು, 2021ರಲ್ಲಿ ಆ ಬಗೆಯ ಮೊದಲ ಉಕ್ಕು ಹೊರಬಂತು. ಬ್ರೆಜಿಲ್ ದೇಶದಲ್ಲಿ ನೆಟ್ಟು ಬೆಳೆಸಿದ ನೀಲಗಿರಿ ತೋಪುಗಳ ಇದ್ದಿಲಿನಿಂದ ಊದುಕುಲುಮೆಗಳು ಈಗಲೂ ನಡೆಯುತ್ತವೆ. ಭದ್ರಾವತಿಯ ಇದ್ದಿಲು ಮೂರ್ಖತನವಾಗಿರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನನ್ನನ್ನು ಕೇಳಿದ ವಿದ್ಯಾರ್ಥಿಯ ಕಾರ್ಖಾನೆಯಲ್ಲಿರುವುದು ಇಂಡಕ್ಷನ್ ಕುಲುಮೆ. ಮೂಸೆಯ ಸುತ್ತ ತಾಮ್ರದ ಸುರುಳಿ. ಅದರಲ್ಲಿ ವಿದ್ಯುತ್ ಹರಿದರೆ ಒಳಗಿನ ಕಬ್ಬಿಣದಲ್ಲೇ ಸುಳಿಪ್ರವಾಹ ಹುಟ್ಟಿ ಅದು ತಾನಾಗಿ ಕರಗುತ್ತದೆ. ಉರಿಯಿಲ್ಲ, ಇದ್ದಿಲಿಲ್ಲ, ತಿದಿಯಿಲ್ಲ. ಕ್ಯುಪೋಲಗಳ ಜಾಗವನ್ನು ನಮ್ಮ ಎಷ್ಟೋ ಎರಕದ ಮನೆಗಳಲ್ಲಿ ಇದು ಹಿಡಿದಿದೆ. ಹೊಸ ಹುಡುಗರಿಗೆ ಆತ ಮೊದಲು ಹೇಳಬೇಕಾದುದು ಇಷ್ಟೇ: ಯಾವ ಕುಲುಮೆಯ ಮುಂದೆ ನಿಂತರೂ ಮೂರು ಪ್ರಶ್ನೆ ಕೇಳಿ. ಶಾಖ ಎಲ್ಲಿಂದ ಬರುತ್ತಿದೆ? ಒಳಗಿನ ವಸ್ತು ಕರಗಬೇಕೋ, ಬದಲಾಗಬೇಕೋ, ಬರಿದೆ ಕಾಯಬೇಕೋ? ಉರಿ ವಸ್ತುವನ್ನು ಮುಟ್ಟುತ್ತದೆಯೋ ಇಲ್ಲವೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಕುಲುಮೆಯ ಹೆಸರನ್ನು ನೆನಪಿಡುವ ಕಷ್ಟವೇ ಇಲ್ಲ.

ನಿಮ್ಮಲ್ಲಿ ಹಲವರ ತಂದೆ, ಅಜ್ಜ, ಮಾವಂದಿರು ಭದ್ರಾವತಿಯ ಕುಲುಮೆಗಳ ಮುಂದೆ ಪಾಳಿಯ ಮೇಲೆ ದುಡಿದವರು. ದಾಖಲೆಗಳಲ್ಲಿ ಟನ್ನುಗಳ ಲೆಕ್ಕವಿದೆ; ಕುದಿಯುವ ಕಬ್ಬಿಣದ ಬಣ್ಣ ನೋಡಿ ಹದ ಹೇಳುತ್ತಿದ್ದ ಕಣ್ಣುಗಳ ಲೆಕ್ಕ ಎಲ್ಲಿಯೂ ಇಲ್ಲ. ಆ ಹಿರಿಯರು ಇನ್ನೂ ನಮ್ಮೊಡನೆ ಇದ್ದರೆ ಹತ್ತಿರ ಕುಳಿತು ಕೇಳಿ, ಬರೆದಿಡಿ.